ನೂರು ಗಜದ ಲಡಿ

ನೌಬಾದಿನ ಶೆಡ್ಡಿನಾಗ ನಾವು ಏಳು ಮಂದಿ,
ಕುರಿಯ ಸಣ್ಣ ಕರುಳು ತೊಳಿಯೋರು.
ಬಿದಿರಿನ ಚಕ್ಕಿ ಒತ್ತಿ ಎಳದ್ರ
ಒಳಗಿಂದೆಲ್ಲ ಹೊರಗ.
ಉಳಿಯೂದು ಒಂದು ಪೊರಿ,
ಉಳ್ಳಾಗಡ್ಡಿ ಪೊರಿಗಿಂತ ತೆಳ್ಳಗ,
ಬೆಳಕಿಗಿ ಹಿಡದ್ರ ಆಚಿ ಕಡಿ
ನನ್ನ ಉಗುರಿನ ಮಣ್ಣೂ ಕಾಣ್ತದ.

ಆಮ್ಯಾಲ ಊದೂದು.
ತೂತಿದ್ದಲ್ಲಿ ಉಸುರು ಸುಯ್ ಅಂತದ,
ಅಲ್ಲಿಗಿ ಕತ್ತರಿ.
ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು,
ಮಿಲಿಮೀಟರಿನ ಲೆಕ್ಕ.
ಸಾಲಿ ಕಟ್ಟಿ ಹತ್ತದ ರತ್ನಮಾಲಾ ಕಣ್ಣಿಲೇ ಹೇಳ್ತಾಳ.
ನೂರು ಗಜಕ್ಕ ಒಂದು ಲಡಿ,
ಗಂಟು, ಉಪ್ಪು, ನೀಲಿ ಡ್ರಮ್ಮು.
ಲಡಿಗಿ ಹನ್ನೊಂದು ರೂಪಾಯಿ.

ಎಲ್ಲಿಗಿ ಹೋಗ್ತದಂತ ಕೇಳಿರಲಿಲ್ಲ.
ತೊಳಿಯೋ ನೀರು ಎಲ್ಲಿಂದ ಬರ್ತದಂತ ಯಾರು ಕೇಳ್ಯಾರ?
ನಮ್ಮ ಕಾಲ ಕೆಳಗ ಸುಲ್ತಾನರ ಕಾಲದ ಸುರಂಗ ಬಾವಿ,
ಕಲ್ಲಿನಾಗ ಕೊರದ ಕರುಳು,
ಕತ್ತಲಾಗ ಎಷ್ಟು ಗಜನೋ.

ಮಾಘ ಮಾಸದಾಗೊಂದು ಮಂಗಳವಾರ
ಮಾಲು ನೋಡ್ಲಿಕ್ಕಂತ ಬಂದಳು ನಾರ್ವೆ ದೇಶದಾಕಿ.
ಇಂಗೆಬೋರ್ಗ್ ಅಂತ ಹೆಸರು,
ರತ್ನಮಾಲಾನ ಬಾಯಾಗ ಇಂಗಾಬಾಯಿ.
ಅರವತ್ತು ದಾಟದಾಕಿ,
ಕೂತ್ರ ಏಳ್ಲಿಕ್ಕಿ ಮಣಕಾಲು ಹಿಡಿಯಾಕಿ, ನಮ್ಹಂಗ.
ಚೀಲದಾಗಿಂದ ಥಂಡಿ ಡಬ್ಬಿ ತಗದು
ಗ್ಯಾಸಿನ ಮ್ಯಾಲ ನೀರಿಟ್ಟಳು.
“ನೀರು ಕುದೀಬಾರದು. ಕುದ್ರ ಚರ್ಮ ಒಡೀತದ.
ಒಡದದ್ದು ಹಾಕಿದ್ರ ನಮ್ಮ ಕಡಿ ಬೀಗರು ನಗ್ತಾರ.”
ಇರ್ಫಾನ ಅಕಿ ಮಾತು ದಖನಿಗಿ ತಿರುವಿದ,
ನಾ ಅದನ್ನ ಕನ್ನಡಕ್ಕ ಇಳಿಸಿಕೊಂಡ.

ಬೆರಳಿನುದ್ದದ ಕಂದು ಕೊಳವಿ.
“ಒಳಗೇನದ?” ಗೌಸೋದ್ದೀನ ಸೇಠ ಕೇಳಿದ.
ಹಂದಿ.
ಸೇಠ ತೋಬಾ ಅಂದು ಅಂಗಳಕ್ಕ ನಡದ,
ಹಿಂದ ಇರ್ಫಾನ, ಹಿಂದ ಶಹಜಾದಬಿ, ಅಕಿ ಸೊಸಿ.
ತುಳಜಮ್ಮ ಇವತ್ತು ಭವಾನಿ ವಾರ ಅಂದಳು.
ಇನ್ನಿಬ್ಬರು ಸೆರಗು ಮೂಗಿಗಿ ಹಿಡದರು.
ಇರ್ಫಾನ ಅಂಗಳದಾಗ ನಿಂತೇ
ಕಿಡಕಿಯಿಂದ ಮಾತು ತಿರುವಿದ.

ಅವರ ಕಡಿ ಮೇ ತಿಂಗಳ ಹಬ್ಬದಾಗ
ಸಣ್ಣ ಹುಡುಗರು ಝಂಡಾ ಹಿಡದು ನಡೀತಾರ,
ಇನ್ನೊಂದು ಕೈಯಾಗ ಇದು,
ಆಲೂಗಡ್ಡಿಯ ಮೆತ್ತನ ರೊಟ್ಟಿಯಾಗ ಸುತ್ತಿ, ಸಾಸಿವಿ ಬಳದು.
ಡೆನ್ಮಾರ್ಕಿನೋರು ಇದಕ್ಕ ಕೆಂಪು ಬಣ್ಣ ಹಚ್ತಾರ,
ರಸ್ತಾದಾಗ ಬಂಡಿ ಮುಂದ ನಿಂತು ತಿಂತಾರ,
ಮ್ಯಾಲ ಕರದ ಉಳ್ಳಾಗಡ್ಡಿ, ಹುಳಿ ಸೌತಿಕಾಯಿ.
ಸ್ವೀಡನ್ನಿನೋರು ಕ್ರಿಸ್ಮಸ್ಸಿಗಿ
ಗಿಡ್ಡ ಗಿಡ್ಡ ಮಾಡಿ ಹುರೀತಾರ.
“ನಮ್ಮದೇ ಚಲೋ,” ಅಂದಳು ಇಂಗಾಬಾಯಿ.
ಅದನ್ನ ಯಾರೂ ತಿರುವೋದು ಬೇಕಾಗಲಿಲ್ಲ.

ಅವರ ರೊಟ್ಟಿ ಇಲ್ಲೆಲ್ಲಿ ಸಿಗಬೇಕು?
ರತ್ನಮಾಲಾ ಬುತ್ತಿ ಬಿಚ್ಚಿದಳು,
ಮುಂಜಾನಿ ಬಡದ ಜ್ವಾಳದ ರೊಟ್ಟಿ.
ಸುತ್ತಿದ್ರ ನಡ ಮುರೀತು.
ಮುರದದ್ರಾಗೇ ಹಿಡಕೊಂಡು ಕಡದೆವು ಮೂರು ಮಂದಿ.
ಟಕ್ ಅಂತು.
ಇಂಗಾಬಾಯಿ ಬೆರಳು ಎತ್ತಿದಳು.
ಇದೇ, ಈ ಸಪ್ಪಳ,
ಇದಕ್ಕೇ ನಾವು ರೊಕ್ಕ ಕೊಡೋದು.
“ಲಡಿಗಿ ಹನ್ನೊಂದು,” ನಾ ಅಂದ.
ಇರ್ಫಾನ ಅದನ್ನ ತಿರುವಲಿಲ್ಲ.

ಹೋಗೋ ಮುಂದ ಅಕಿನೇ ಹೇಳಿದಳು ನಕ್ಕೋತ,
ಮೊಮ್ಮಗಳು ಚರ್ಮ ತಿನ್ನಲ್ಲಂತ.
ಉಗುರಿಲೇ ಸುಲದು
ತಟ್ಟಿ ಅಂಚಿಗಿ ಇಡ್ತಾಳಂತ.

ಕರುಳು ಚುರ್ ಅನ್ನಬೇಕಿತ್ತು ನಂದು.
ಅನ್ನಲಿಲ್ಲ.
ನನ್ನ ಮಗ ಝರೆಪ್ಪನೂ
ಸಾರಿನಾಗಿಂದ ಬೋಟಿ ಆರಿಸಿ ಆರಿಸಿ
ತಟ್ಟಿ ಅಂಚಿಗೇ ಇಡ್ತಾನ.
ದಿನಾ ಇದೇ ವಾಸನಿ ಅವ್ವಾ ನಿನ್ನ ಕೈದು, ಅಂತಾನ.
ಹೇಳಿದ್ರ ಅಕಿನೂ ನಗ್ತಿದ್ದಳೇನೋ.
ಜೀಪು ಅಷ್ಟೊತ್ತಿಗಿ ಹುಮನಾಬಾದ ರಸ್ತಾ ಹಿಡದಿತ್ತು.

ಸಾಸಿವಿ ಟ್ಯೂಬು ಉಪ್ಪಿನ ಚೀಲದ ಮ್ಯಾಲೇ ಉಳೀತು.
ಬುಧವಾರ ತುಳಜಮ್ಮ ಹಿಚುಕಿ ನೆಕ್ಕಿ ನೋಡಿ
“ಇದೇನವಾ, ಖಾರನೇ ಇಲ್ಲ,” ಅಂದು
ಬಾಯಿ ತೊಳಕೊಂಡು ಬಂದು
ಊದ್ಲಿಕ್ಕಿ ಕೂತಳು.